ಪ್ರಜಾಪ್ರತಿನಿಧಿ ಸಭೆಯ ಪ್ರವರ್ತಕ ದಿವಾನ್ ರಂಗಾಚಾರ್ಲು

ನಮ್ಮ ಜತ್ತ ತಾಲ್ಲೂಕಿನ ರೈತನು ಇಂದು ಐದು ವರ್ಷಗಳಿಗೊಮ್ಮೆ ಮತವನ್ನು ಹಾಕಿ ತನ್ನ ಪ್ರತಿನಿಧಿಯನ್ನು ಆರಿಸುತ್ತಾನೆ. ಆ ಪ್ರತಿನಿಧಿಯು ಮುಂಬಯಿಗೋ ನಾಗಪುರಕ್ಕೋ ಹೋಗಿ ವಿಧಾನಸಭೆಯಲ್ಲಿ ಕುಳಿತು ನಮ್ಮ ಕೆರೆಯ, ನೀರಿನ, ಶಾಲೆಯ ಸಂಗತಿಯನ್ನು ಸರಕಾರದ ಮುಂದಿಡಬೇಕೆಂದು ನಾವು ಅಪೇಕ್ಷಿಸುತ್ತೇವೆ. ಇದು ನಮಗೆ ಗಾಳಿ ಬೆಳಕುಗಳಷ್ಟೇ ಸಹಜವಾಗಿ ತೋರುತ್ತದೆ. ಆದರೆ ನೇಗಿಲು ಹಿಡಿದ ಮನುಷ್ಯನೊಬ್ಬನು ಆಳುವವರ ಎದುರಿಗೆ ನಿಂತು ರಾಜ್ಯದ ಕಾರಭಾರದ ವಿಷಯದಲ್ಲಿ ಮಾತನಾಡಬಹುದು ಎಂಬ ವಿಚಾರವೇ ಒಂದು ಕಾಲಕ್ಕೆ ನಗೆಗೀಡಾಗುವಂತಹದಾಗಿತ್ತು. ಆ ಕಾಲದಲ್ಲಿ, ಕನ್ನಡ ನಾಡಿನ ಒಂದು ಭಾಗದಲ್ಲಿ, ಆ ವಿಚಾರವನ್ನು ಕಾರ್ಯರೂಪಕ್ಕೆ ತಂದವರು ಮೈಸೂರಿನ ದಿವಾನ್ ರಂಗಾಚಾರ್ಲುರವರು. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ನಮ್ಮ ಮನೆಗಳ ಹಿರಿಯರೂ ಮಕ್ಕಳೂ ಓದಲೆಂದು ಸಂಗ್ರಹವಾಗಿ ನಿವೇದಿಸುತ್ತಿದ್ದೇನೆ.

ರಂಗಾಚಾರ್ಲುರವರು ಹುಟ್ಟಿದ್ದು ಕ್ರಿ. ಶ. 1831ರಲ್ಲಿ, ಮದರಾಸು ಪ್ರಾಂತದ ಚೆಂಗಲ್‌ಪಟ್ಟು ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ. ಶ್ರೀವೈಷ್ಣವ ಬ್ರಾಹ್ಮಣ ಮನೆತನ, ಬಡತನ, ತಂದೆಯವರಿಗೆ ಜಿಲ್ಲೆಯ ಕಚೇರಿಯಲ್ಲಿ ಚಿಕ್ಕ ನೌಕರಿ. ಮನೆಯ ಮಾತು ತಮಿಳು. ಕನ್ನಡಿಗರಲ್ಲದವರೊಬ್ಬರ ಚರಿತ್ರೆಯನ್ನು ಕನ್ನಡ ಸಂಘದ ಸಂಚಿಕೆಯಲ್ಲಿ ಬರೆಯುವುದೇಕೆಂದು ಯಾರಾದರೂ ಕೇಳಬಹುದು. ಹುಟ್ಟಿನಿಂದ ಮಾತ್ರವೇ ಒಬ್ಬನು ಒಂದು ನಾಡಿಗೆ ಸೇರಿದವನಾಗುವುದಿಲ್ಲ. ಆ ನಾಡಿನ ಜನರಿಗಾಗಿ ಮಾಡಿದ ಕಾರ್ಯದಿಂದಲೂ ಸೇರಿದವನಾಗುತ್ತಾನೆ. ಭಾಷೆಗಳು ಕೂಡುವ ಸೀಮೆಯಲ್ಲಿ ಬಾಳುವ ನಮಗೆ ಈ ಮಾತನ್ನು ಬೇರೆಯವರು ಬಂದು ತಿಳಿಸಬೇಕಾಗಿಲ್ಲ.

ಅವರು ಹುಟ್ಟಿದ ವರ್ಷವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. 1830 ಮತ್ತು 1831ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದರು. ಕಂದಾಯದ ಭಾರವೂ ಅಧಿಕಾರಿಗಳ ಸುಲಿಗೆಯೂ ಮಿತಿಮೀರಿದಾಗ ರೈತರು ಹಳ್ಳಿಹಳ್ಳಿಗಳಲ್ಲಿ ಕೂಟಗಳನ್ನು ಕಟ್ಟಿದರು. ತಮ್ಮ ದೂರನ್ನು ಕೇಳುವ ಕಿವಿ ಅರಮನೆಯ ಸುತ್ತ ಎಲ್ಲಿಯೂ ಇಲ್ಲವೆಂದು ಕಂಡಾಗ ಆ ಕೂಟಗಳೇ ದಂಗೆಯ ದಂಡುಗಳಾದವು. ಇದನ್ನೇ ಕಾರಣವಾಗಿಟ್ಟುಕೊಂಡು ಇಂಗ್ಲಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡು ಕಮಿಷನರರನ್ನು ನೇಮಿಸಿದರು. ಆ ಆಡಳಿತವು ಐವತ್ತು ವರ್ಷಗಳ ಕಾಲ ನಡೆಯಿತು. ರೈತನ ಮಾತಿಗೆ ಕಿವಿಯಿಲ್ಲದೆ ಹೋದುದರಿಂದ ರಾಜ್ಯವೇ ಕೈಬಿಟ್ಟುಹೋದ ವರ್ಷದಲ್ಲಿ ಹುಟ್ಟಿದ ಶಿಶುವು, ಐವತ್ತು ವರ್ಷಗಳ ತರುವಾಯ ಅದೇ ರಾಜ್ಯವು ಮರಳಿ ಬಂದಾಗ, ರೈತನ ಮಾತಿಗೆಂದೇ ಒಂದು ಸಭೆಯನ್ನು ಏರ್ಪಡಿಸುವವನಾದನು. ಇದನ್ನು ದೈವಯೋಗವೆನ್ನದೆ ಮತ್ತೇನೆನ್ನೋಣ!

ಮದರಾಸಿನಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು ರಂಗಾಚಾರ್ಲುರವರು ಹದಿನೆಂಟರ ಸುಮಾರಿನ ವಯಸ್ಸಿನಲ್ಲಿ ಗುಮಾಸ್ತೆಯಾಗಿ ಸರಕಾರಿ ನೌಕರಿಗೆ ಸೇರಿದರು. ಇನಾಮು ಭೂಮಿಗಳ ಹಕ್ಕುಗಳನ್ನು ವಿಚಾರಿಸಿ ಇತ್ಯರ್ಥಪಡಿಸಲು ನೇಮಕವಾಗಿದ್ದ ಇನಾಂ ಕಮಿಷನ್ನಿನಲ್ಲಿ ಅವರು ದುಡಿದರು. ಹಳ್ಳಿಯ ಭೂಮಿ, ಅದರ ದಾಖಲೆ, ಅದರ ಮೇಲಣ ತೆರಿಗೆ, ಆ ತೆರಿಗೆಯನ್ನು ಎತ್ತುವ ಕೈಗಳು ಇವೆಲ್ಲದರ ಒಳಹೊರಗು ಅವರಿಗೆ ಆಗಲೇ ತಿಳಿಯಿತು. ಮುಂದೆ ಕಲ್ಲಿಕೋಟೆಯಲ್ಲಿ ಖಜಾನೆಯ ಡೆಪ್ಯುಟಿ ಕಲೆಕ್ಟರರಾದರು. ಲೆಕ್ಕದಲ್ಲಿ ಕಟ್ಟುನಿಟ್ಟು, ಬರವಣಿಗೆಯಲ್ಲಿ ಖಚಿತತೆ, ಮೇಲಧಿಕಾರಿಯ ಎದುರಿಗೂ ಕುಗ್ಗದ ಸ್ವತಂತ್ರ ವಿಚಾರ, ಈ ಮೂರು ಗುಣಗಳು ಅವರಿಗೆ ಹೆಸರನ್ನು ತಂದವು.

1868ರ ಮಾರ್ಚ್ ತಿಂಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ಅವರು ದತ್ತು ತೆಗೆದುಕೊಂಡಿದ್ದ ಚಾಮರಾಜೇಂದ್ರ ಒಡೆಯರು ಆಗ ಐದು ವರ್ಷದ ಬಾಲಕರು. ಬಾಲಕರು ಪ್ರಾಪ್ತವಯಸ್ಕರಾದ ಮೇಲೆ ರಾಜ್ಯವನ್ನು ಹಿಂದಿರುಗಿಸುವುದೆಂದು ಇಂಗ್ಲಿಷ್ ಸರಕಾರವು ಅದಕ್ಕೆ ಮೊದಲೇ ಒಪ್ಪಿದ್ದಿತು. ಅರಮನೆಯ ಲೆಕ್ಕಪತ್ರ, ಒಡವೆ, ಸಾಲ, ನೂರಾರು ಆಶ್ರಿತರ ಸಂಬಳ ಸಾರಿಗೆ ಎಲ್ಲವೂ ಗೋಜಲಾಗಿದ್ದವು. ಇದನ್ನು ಬಿಡಿಸಲು ಬಲ್ಲವರು ಬೇಕಾದಾಗ ಮದರಾಸು ಪ್ರಾಂತದಿಂದ ರಂಗಾಚಾರ್ಲುರವರನ್ನು ಕರೆಯಿಸಲಾಯಿತು. ಹೀಗೆ ಮೂವತ್ತೇಳನೆಯ ವಯಸ್ಸಿನಲ್ಲಿ ಅವರು ಕನ್ನಡ ನಾಡಿಗೆ ಬಂದರು. ಮುಂದಣ ಬಾಳನ್ನೆಲ್ಲ ಅದರ ಸೇವೆಯಲ್ಲಿಯೇ ಸವೆಸಿದರು.

ಅರಮನೆಯ ಕಂಟ್ರೋಲರರಾಗಿದ್ದ ಕಾಲದಲ್ಲಿಯೇ ಅವರ ದೃಷ್ಟಿಯು ಅರಮನೆಯ ಗೋಡೆಗಳನ್ನು ದಾಟಿ ಸಂಸ್ಥಾನದ ಸ್ಥಿತಿಗತಿಗಳ ಕಡೆಗೆ ಹರಿಯಿತು. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸುವ ಒಂದು ಕಿರುಹೊತ್ತಗೆಯನ್ನು ಇಂಗ್ಲಿಷಿನಲ್ಲಿ ಬರೆದು ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಗ್ರಂಥಕರ್ತನ ಹೆಸರಿನ ಸ್ಥಳದಲ್ಲಿ ಮೈಸೂರಿನ ನಿವಾಸಿಯೊಬ್ಬನೆಂದು ಮಾತ್ರ ಇದ್ದಿತು. ದೊಡ್ಡ ಸಂಬಳದ ಪರದೇಶದ ಅಧಿಕಾರಿಗಳು ಅಗತ್ಯವಿಲ್ಲದಷ್ಟು ತುಂಬಿಕೊಂಡಿರುವರೆಂದೂ, ಆ ವೆಚ್ಚವು ಬಡ ರೈತನ ಬೆನ್ನ ಮೇಲೆ ಬೀಳುತ್ತಿರುವುದೆಂದೂ, ನಾಡಿನವರೇ ಆ ಕೆಲಸಗಳನ್ನು ಮಾಡಬಲ್ಲರೆಂದೂ ಅವರು ಅಂಕಿ ಅಂಶಗಳೊಡನೆ ತೋರಿಸಿದರು. ಸರಕಾರದ ಅನ್ನವನ್ನು ಉಣ್ಣುತ್ತಲೇ ಸರಕಾರದ ದೋಷವನ್ನು ಹೇಳುವುದು ಆ ಕಾಲದಲ್ಲಿ ಸಣ್ಣ ಸಾಹಸವಾಗಿರಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಮಹಾಕ್ಷಾಮವು ಬಂದಿತು. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನೆಲ್ಲ ಸುಟ್ಟ ಆ ಬರವನ್ನು ಮೈಸೂರು ಸೀಮೆಯವರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಾರೆ. ವಿಜಾಪುರ, ಸೊಲ್ಲಾಪುರಗಳ ಕಡೆಯೂ ಅದು ಹಾಗೆಯೇ ಹಬ್ಬಿದ್ದಿತು. ಮಳೆಗಾಗಿ ಆಕಾಶವನ್ನು ನೋಡುವುದನ್ನು ಹುಟ್ಟಿನಿಂದಲೇ ಕಲಿತ ನಮ್ಮ ಭಾಗದವರಿಗೆ ಬರವೆಂದರೇನೆಂದು ವರ್ಣಿಸಿ ಹೇಳಬೇಕಾಗಿಲ್ಲ. ಅಂಕಿಗಳೇ ಸಾಕು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿದ್ದಿತು. ಖಜಾನೆಯಲ್ಲಿ ಕೂಡಿಟ್ಟಿದ್ದ ಹಣವು ಕರಗಿಹೋಗಿ 80 ಲಕ್ಷ ರೂಪಾಯಿಗಳ ಸಾಲವು ತಲೆಯ ಮೇಲೆ ಬಂದಿತು.

ಇಂತಹ ನಾಡನ್ನು 1881ನೆಯ ಮಾರ್ಚ್ 25ರಂದು ಇಂಗ್ಲಿಷರು ಹದಿನೆಂಟು ವರ್ಷದ ತರುಣ ಮಹಾರಾಜ ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದರು. ಅದಕ್ಕೆ ಹಿಂದೆ ರೆವಿನ್ಯೂ ಕಾರ್ಯದರ್ಶಿಗಳಾಗಿದ್ದ ರಂಗಾಚಾರ್ಲುರವರು ಆ ದಿನವೇ ದಿವಾನರಾದರು. ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಬೇಕೆಂಬ ಷರತ್ತೂ ಇದ್ದಿತು. ಬರದ ಸಾಲದ ದೆಸೆಯಿಂದ ಆ ಏರಿಕೆಯನ್ನು ಕೆಲವು ವರ್ಷ ಮುಂದೂಡಿದ್ದುದೊಂದೇ ಸಮಾಧಾನ. ಬರಿದಾದ ಖಜಾನೆ, ಅರೆಪಾಳಾದ ಹಳ್ಳಿಗಳು, ಎಲ್ಲಿ ತಪ್ಪುವರೋ ಎಂದು ಕಾಯುತ್ತಿರುವ ಇಂಗ್ಲಿಷ್ ಕಣ್ಣುಗಳು. ಈ ಮೂರರ ನಡುವೆ ಹೊಸ ದಿವಾನರು ಕೆಲಸವನ್ನು ಪ್ರಾರಂಭಿಸಿದರು.

ಇನ್ನೊಬ್ಬರಾಗಿದ್ದರೆ ಇಂತಹ ಸಮಯದಲ್ಲಿ ಬಾಗಿಲುಗಳನ್ನು ಭದ್ರಪಡಿಸಿಕೊಂಡು, ಕಷ್ಟ ತೀರುವವರೆಗೆ ಪ್ರಜೆಗಳು ಸುಮ್ಮನಿರಲೆಂದು ಬಯಸುತ್ತಿದ್ದರು. ರಂಗಾಚಾರ್ಲುರವರು ಬಾಗಿಲನ್ನು ತೆರೆದರು. ಅಧಿಕಾರಕ್ಕೆ ಬಂದ ಐದೇ ತಿಂಗಳಲ್ಲಿ, 1881ನೆಯ ಆಗಸ್ಟ್ 25ರಂದು, ಮಹಾರಾಜರ ಅಪ್ಪಣೆಯಿಂದ ಒಂದು ಆಜ್ಞೆಯು ಹೊರಟಿತು. ವರ್ಷಕ್ಕೊಮ್ಮೆ ದಸರೆಯ ಸಂದರ್ಭದಲ್ಲಿ ಸಂಸ್ಥಾನದ ಎಲ್ಲ ಭಾಗಗಳ ಪ್ರತಿನಿಧಿಗಳು ಮೈಸೂರಿನಲ್ಲಿ ಕೂಡಬೇಕು. ಕಳೆದ ವರ್ಷದ ಆಡಳಿತದ ಫಲಿತಾಂಶವನ್ನೂ ಬರುವ ವರ್ಷದ ಕಾರ್ಯಕ್ರಮವನ್ನೂ ದಿವಾನರು ಅವರ ಮುಂದಿಡಬೇಕು. ಅವರು ತಮ್ಮ ಅಭಿಪ್ರಾಯಗಳನ್ನೂ ಆಕ್ಷೇಪಣೆಗಳನ್ನೂ ಹೇಳಬೇಕು. ಸರಕಾರದ ಉದ್ದೇಶವು ಪ್ರಜೆಗಳಿಗೆ ತಿಳಿಯಲಿ, ಪ್ರಜೆಗಳ ಅಗತ್ಯವು ಸರಕಾರಕ್ಕೆ ತಿಳಿಯಲಿ, ಎರಡರ ಹಿತವೂ ಒಂದೇ ಎಂಬುದು ಇಬ್ಬರಿಗೂ ಮನದಟ್ಟಾಗಲಿ ಎಂಬುದೇ ಆ ಆಜ್ಞೆಯ ಸಾರಾಂಶವಾಗಿದ್ದಿತು.

ಸದಸ್ಯರನ್ನು ಗೊತ್ತುಮಾಡಿದ ಕ್ರಮವು ಹೀಗಿದ್ದಿತು. ಆಗ ಜಿಲ್ಲೆಗಳಲ್ಲಿ ರಸ್ತೆ ಮುಂತಾದವುಗಳ ಮೇಲ್ವಿಚಾರಣೆಗಾಗಿ ಲೋಕಲ್ ಫಂಡ್ ಮಂಡಳಿಗಳಿದ್ದವು. ಪ್ರತಿಯೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ರೈತರನ್ನು, ಸ್ವತಃ ಬೇಸಾಯವುಳ್ಳ, ಜನರಲ್ಲಿ ಮಾತು ನಡೆಯುವ, ತಿಳಿವಳಿಕೆಯುಳ್ಳ ಗೃಹಸ್ಥರನ್ನು ಆರಿಸುವುದು. ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರನ್ನು ಸೇರಿಸುವುದು. ಕುಲೀನರನ್ನೂ ಜಹಗೀರುದಾರರನ್ನೂ ಮುಂದೆ ಕೂಡಿಸಿ ದರಬಾರು ನಡೆಸುವುದು ಎಲ್ಲ ಸಂಸ್ಥಾನಗಳಲ್ಲಿಯೂ ಇದ್ದ ಪದ್ಧತಿ. ಒಕ್ಕಲಿಗನನ್ನೂ ಅಂಗಡಿಕಾರನನ್ನೂ ಕರೆದು ರಾಜ್ಯದ ಜಮಾಖರ್ಚನ್ನು ಅವರ ಮುಂದೆ ಬಿಚ್ಚುವುದು ಹೊಸದು.

1881ನೆಯ ಅಕ್ಟೋಬರ್ 7ರಂದು ಮೈಸೂರು ನಗರದಲ್ಲಿ ಮೊದಲನೆಯ ಅಧಿವೇಶನವು ಸೇರಿತು. ಬಂದವರು 144 ಮಂದಿ ಸದಸ್ಯರು. ಅವರ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿರಿ. ಬೆಂಗಳೂರು ಮೈಸೂರು ರೈಲುದಾರಿಯು ಇನ್ನೂ ಪೂರ್ಣವಾಗಿರಲಿಲ್ಲ. ದೂರದ ಮಲೆನಾಡಿನಿಂದಲೂ ಬಯಲುಸೀಮೆಯಿಂದಲೂ ಹೊರಟವರು ಗಾಡಿಗಳಲ್ಲಿ ದಿನಗಟ್ಟಲೆ ಪ್ರಯಾಣ ಮಾಡಬೇಕಾಗಿದ್ದಿತು. ಅವರು ಹಿಂದೆಂದೂ ಅಮಲದಾರನ ಎದುರಿಗೆ ಕುಳಿತು ಮಾತನಾಡಿದವರಲ್ಲ; ನಿಂತು ಕೈಮುಗಿದವರು. ಈಗ ದಿವಾನರೇ ಎದುರಿಗೆ ಕುಳಿತು ಸಾಲವೆಷ್ಟು, ಆದಾಯವೆಷ್ಟು, ವೆಚ್ಚವೆಲ್ಲಿ ಎಂದು ಅವರಿಗೆ ವರದಿ ಒಪ್ಪಿಸುತ್ತಿದ್ದಾರೆ. ಐದು ವರ್ಷದ ಹಿಂದೆ ಕ್ಷಾಮದಲ್ಲಿ ಬಂಧುಗಳನ್ನು ಕಳೆದುಕೊಂಡವರು ಅವರಲ್ಲಿ ಎಷ್ಟು ಮಂದಿ ಇದ್ದಿರಬೇಕು! ಆ ಸಾಲವು ಯಾವ ಸಾಲವೆಂದು ಅವರಿಗೆ ಬೇರೆ ವಿವರಣೆ ಬೇಕಾಗಿರಲಿಲ್ಲ.

ಸತ್ಯವನ್ನು ಮರೆಮಾಚಬಾರದು. ಈ ಸಭೆಗೆ ಕಾನೂನನ್ನು ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯವನ್ನು ತಳ್ಳಿಹಾಕುವ ಅಧಿಕಾರವೂ ಇರಲಿಲ್ಲ. ಮತವೆಣಿಸುವ ಪದ್ಧತಿಯಿರಲಿಲ್ಲ. ಸದಸ್ಯರು ಜನರಿಂದ ಚುನಾಯಿತರಾದವರಲ್ಲ. ಅಧಿಕಾರಿಗಳ ಕೈವಾಡವಿದ್ದ ಮಂಡಳಿಗಳಿಂದ ಆರಿಸಲ್ಪಟ್ಟವರು. ಬಡ ಗೇಣಿದಾರನಿಗಾಗಲಿ ಹೆಂಗಸರಿಗಾಗಲಿ ಅದರಲ್ಲಿ ಸ್ಥಳವಿರಲಿಲ್ಲ. ಇದೊಂದು ಅಲಂಕಾರದ ಸಭೆಯೆಂದು ಹೇಳುವವರಿಗೆ ಆಧಾರಗಳು ಸಾಕಷ್ಟು ಇದ್ದವು. ಆದರೆ ಆಗಿನ ಹಿಂದೂಸ್ಥಾನದ ಸ್ಥಿತಿಯನ್ನೂ ಜೊತೆಗೆ ನೋಡಬೇಕು. ನಮ್ಮ ಮುಂಬಯಿ ಪ್ರಾಂತದಲ್ಲಿ 1862ರಿಂದ ಶಾಸನ ಮಂಡಲವಿದ್ದರೂ ಅದರಲ್ಲಿ ಗವರ್ನರರು ನೇಮಿಸಿದ ಬೆರಳೆಣಿಕೆಯ ಜನರಿದ್ದರು. ಪರೋಕ್ಷವಾದ ಆಯ್ಕೆಯು ಪ್ರವೇಶಿಸಿದುದೇ 1892ರ ಕಾಯಿದೆಯ ಮೇಲೆ. ಕಾಂಗ್ರೆಸ್ ಮಹಾಸಭೆಯು ಹುಟ್ಟಿದ್ದು 1885ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ ದೇಶೀಯ ಸಂಸ್ಥಾನವೊಂದು ತನ್ನ ರೈತರನ್ನು ಸಭೆಗೆ ಕರೆದಿದ್ದಿತು. ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆಯು ಇದೇ ಮೊದಲನೆಯದು.

ರಂಗಾಚಾರ್ಲುರವರಿಗೆ ಈ ಕೊರತೆಗಳು ಕಾಣದೆ ಇರಲಿಲ್ಲ. ಕೇಳುವ ರೂಢಿಯು ಸರಕಾರಕ್ಕೆ ಬರಬೇಕು, ಹೇಳುವ ರೂಢಿಯು ಪ್ರಜೆಗೆ ಬರಬೇಕು. ಈ ಎರಡು ರೂಢಿಗಳು ಬೇರೂರಿದರೆ ಅಧಿಕಾರವು ತಾನಾಗಿಯೇ ಬೆಳೆಯುವುದೆಂಬ ನಂಬಿಕೆಯು ಅವರ ನಡೆಯಲ್ಲಿ ಕಾಣುತ್ತದೆ. 1882ರ ದಸರೆಯಲ್ಲಿ ಎರಡನೆಯ ಅಧಿವೇಶನವು ಸೇರಿತು. ಅಷ್ಟರಲ್ಲಿ ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿಯು ಪೂರ್ಣವಾಗಿದ್ದಿತು. ಬೇಸಾಯವೊಂದನ್ನೇ ನೆಚ್ಚಿದ ನಾಡು ಮಳೆಯು ತಪ್ಪಿದೊಡನೆ ಸಾಯುತ್ತದೆ, ಕೈಗಾರಿಕೆಗಳೂ ದಾರಿಗಳೂ ಬೆಳೆಯಬೇಕು ಎಂಬುದು ಕ್ಷಾಮವು ಅವರಿಗೆ ಕಲಿಸಿದ ಪಾಠವಾಗಿದ್ದಿತು. ಆ ಪಾಠವನ್ನು ಅವರು ಸದಸ್ಯರ ಮುಂದೆ ವಿಸ್ತಾರವಾಗಿ ಇಟ್ಟರು. ಪಟ್ಟಣಗಳ ಸ್ಥಳೀಯ ಆಡಳಿತದಲ್ಲಿ ಜನರ ಆಯ್ಕೆಯನ್ನು ತರುವ ಮಾತನ್ನೂ ಎತ್ತಿದರು.

ಅವರ ದಿವಾನಗಿರಿಯಲ್ಲಿ ಎಲ್ಲವೂ ಜನಪ್ರಿಯವಾಗಿರಲಿಲ್ಲ. ಸಾಲವನ್ನು ತೀರಿಸಲು ಅವರು ವೆಚ್ಚವನ್ನು ನಿರ್ದಾಕ್ಷಿಣ್ಯವಾಗಿ ಕಡಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ತೆಗೆದು ನೆರೆಯ ಜಿಲ್ಲೆಗಳಿಗೆ ಸೇರಿಸಿದರು. ಜಿಲ್ಲೆಯ ಕಚೇರಿಯು ದೂರವಾದರೆ ಹಳ್ಳಿಯವನಿಗೆ ಎಷ್ಟು ಕಷ್ಟವೆಂಬುದನ್ನು, ಸಾಂಗಲಿಗೆ ಹೋಗಿಬರಲು ಇಡೀ ದಿನವನ್ನು ಕಳೆಯುವ ನಾವು ಬಲ್ಲೆವು. ಕೆಲವು ವರ್ಷಗಳ ಮೇಲೆ ಆ ಜಿಲ್ಲೆಗಳನ್ನು ಮರಳಿ ಸ್ಥಾಪಿಸಬೇಕಾಯಿತು. ದೊಡ್ಡ ಹುದ್ದೆಗಳಿಗೆ ಮದರಾಸಿನ ಕಡೆಯವರು ಬರುತ್ತಾರೆಂಬ ಅಸಮಾಧಾನವೂ ಮೈಸೂರಿನವರಲ್ಲಿ ಬೆಳೆಯತೊಡಗಿತು. ಪರದೇಶದ ಅಧಿಕಾರಿಗಳ ವಿಷಯದಲ್ಲಿ ಲೇಖನಿಯನ್ನೆತ್ತಿದವರೇ ಈ ಮಾತನ್ನು ಕೇಳಬೇಕಾಯಿತು. ಇಷ್ಟಾದರೂ ಇಂತಹ ಅಸಮಾಧಾನಗಳನ್ನು ಬಹಿರಂಗವಾಗಿ ಹೇಳಲು ಒಂದು ಸಭೆ ಇದ್ದಿತಲ್ಲ, ಅದು ಅವರೇ ಕಟ್ಟಿದ ಸಭೆ. ತನ್ನ ದೋಷವನ್ನು ಹೇಳುವವರಿಗೆ ತಾನೇ ಪೀಠವನ್ನು ಹಾಕಿಕೊಟ್ಟ ಅಧಿಕಾರಿಗಳು ವಿರಳ.

ಎರಡನೆಯ ಅಧಿವೇಶನದ ವೇಳೆಗೆ ಅವರ ಶರೀರವು ಶ್ರಮದಿಂದ ಬಳಲಿದ್ದಿತು. ಮೂರು ತಿಂಗಳೂ ಸಲ್ಲುವಷ್ಟರಲ್ಲಿ, 1883ನೆಯ ಜನವರಿ 20ರಂದು, ಅವರು ಮದರಾಸಿನಲ್ಲಿ ದೇಹವನ್ನು ಬಿಟ್ಟರು. ವಯಸ್ಸು ಐವತ್ತೆರಡನ್ನು ಮೀರಿರಲಿಲ್ಲ. ದಿವಾನರಾಗಿದ್ದುದು ಎರಡು ವರ್ಷಕ್ಕೂ ಕಡಮೆ. ತಾವು ಹುಟ್ಟಿಸಿದ ಸಭೆಯನ್ನು ಕಣ್ಣಾರೆ ಕಂಡುದು ಎರಡೇ ಸಲ.

ಆಗ ಆ ಸಭೆಯ ಗತಿ ಏನಾಗಬಹುದಾಗಿದ್ದಿತು? ಯಾವ ಕಾಯಿದೆಯೂ ಅದನ್ನು ಕಾಪಾಡುತ್ತಿರಲಿಲ್ಲ. ಒಂದು ಆಜ್ಞೆಯಿಂದ ಹುಟ್ಟಿದುದು ಇನ್ನೊಂದು ಆಜ್ಞೆಯಿಂದ ಅಳಿಯಬಹುದಾಗಿದ್ದಿತು. ಮರುವರ್ಷ ಕರೆಯದೆ ಬಿಟ್ಟಿದ್ದರೂ ಆಗುತ್ತಿದ್ದಿತು. ಆದರೆ ಮಹಾರಾಜರೂ, ತರುವಾಯ ದಿವಾನರಾದ ಶೇಷಾದ್ರಿ ಅಯ್ಯರವರೂ ಅದನ್ನು ಉಳಿಸಿದರು. ವರ್ಷವರ್ಷವೂ ದಸರೆ ಬಂದಿತು. ವರ್ಷವರ್ಷವೂ ಸದಸ್ಯರು ಬಂದರು. 1891ರಿಂದ ಸದಸ್ಯರು ಚುನಾಯಿತರಾಗಿ ಬರತೊಡಗಿದರು. ಮತದ ಹಕ್ಕು ಆಸ್ತಿ, ಕಂದಾಯಗಳುಳ್ಳವರಿಗೆ ಮಾತ್ರವಿದ್ದರೂ ಆಯ್ಕೆಯೆಂಬುದು ಅಧಿಕಾರಿಯ ಕೈಯಿಂದ ಜನರ ಕೈಗೆ ಒಂದು ಹೆಜ್ಜೆ ಸರಿಯಿತು. 1907ರಲ್ಲಿ ಕಾನೂನುಗಳನ್ನು ರಚಿಸಲು ನ್ಯಾಯವಿಧಾಯಕ ಸಭೆಯು ಬೇರೆಯಾಗಿ ಹುಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಿಂದ, ದಸರೆಯ ಅಧಿವೇಶನದ ಜೊತೆಗೆ ಆಯವ್ಯಯದ ಚರ್ಚೆಗೆಂದು ವರ್ಷದಲ್ಲಿ ಇನ್ನೊಂದು ಅಧಿವೇಶನವು ಸೇರತೊಡಗಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಬಲ ಬಂದಿತು. ಹೊಸ ತೆರಿಗೆಯನ್ನು ಹಾಕುವ ಮುನ್ನ, ಹೊಸ ಕಾನೂನನ್ನು ತರುವ ಮುನ್ನ ಅದರ ಅಭಿಪ್ರಾಯವನ್ನು ಕೇಳುವುದು ಕಡ್ಡಾಯವಾಯಿತು. ಹೆಂಗಸರಿಗೆ ಮತದ ದಾರಿಯು ತೆರೆದುದೂ ಆ ಸುಧಾರಣೆಯ ಕಾಲದಲ್ಲಿಯೇ.

ಹೀಗೆ ಆ ಸಭೆಯು ಅರವತ್ತೆಂಟು ವರ್ಷ ಬಾಳಿ, ಸ್ವಾತಂತ್ರ್ಯವು ಬಂದ ಮೇಲೆ 1949ನೆಯ ಡಿಸೆಂಬರ್ 16ರಂದು ವಿಸರ್ಜಿತವಾಯಿತು. 1952ರ ಜೂನ್ ತಿಂಗಳಲ್ಲಿ, ವಯಸ್ಕರೆಲ್ಲರ ಮತದಿಂದ ಚುನಾಯಿತವಾದ ಮೈಸೂರು ವಿಧಾನಸಭೆಯು ಬೆಂಗಳೂರಿನಲ್ಲಿ ಕೂಡಿತು. 1956ರಲ್ಲಿ ವಿಜಾಪುರ, ಧಾರವಾಡ, ಬೆಳಗಾವಿಗಳ ಪ್ರತಿನಿಧಿಗಳೂ ಅದರಲ್ಲಿ ಸೇರಿದರು. ನಮ್ಮ ಜತ್ತವಾದರೋ ಸಂಸ್ಥಾನವಾಗಿದ್ದು 1948ನೆಯ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1960ರಿಂದ ಮಹಾರಾಷ್ಟ್ರ ರಾಜ್ಯದಲ್ಲಿದೆ. ನಮ್ಮ ಪ್ರತಿನಿಧಿಯು ಹೋಗುವ ಸಭೆ ಬೇರೆ. ಆದರೂ ರಂಗಾಚಾರ್ಲುರವರ ಕಾರ್ಯವು ನಮಗೆ ಹೊರಗಿನದಲ್ಲ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ನನ್ನ ವಿದ್ಯಾರ್ಥಿಗಳ ಮನೆಗಳ ಹಿರಿಯರು ಬರುತ್ತಾರೆ. ಅವರು ಕನ್ನಡವನ್ನಾಡುವವರು, ಕಚೇರಿಯಿಂದ ಬರುವ ಕಾಗದ ಮರಾಠಿಯದು. ನೆರೆಹೊರೆಯ ಮರಾಠಿ ಬಲ್ಲವರು ಅದನ್ನು ಪ್ರೀತಿಯಿಂದ ಓದಿ ಹೇಳುತ್ತಾರೆ, ನಿಜ. ಆದರೆ ಓದಿಸಿಕೊಂಡ ಕಾಗದಕ್ಕೆ ಮರುಮಾತು ಬರೆಯುವ ಧೈರ್ಯವು ಬಹುಮಂದಿಗೆ ಬರುವುದಿಲ್ಲ. ಗ್ರಾಮಸಭೆ ಕೂಡುತ್ತದೆ, ನಮ್ಮವರು ಹಿಂದಿನ ಸಾಲಿನಲ್ಲಿ ನಿಂತು, ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕಿ ಮನೆಗೆ ಬರುತ್ತಾರೆ. 1881ರಲ್ಲಿ ಮೈಸೂರಿಗೆ ಗಾಡಿ ಕಟ್ಟಿಕೊಂಡು ಹೋದ ಆ 144 ಮಂದಿಯ ಕೈಯಲ್ಲಿ ನಮಗಿರುವ ಹಕ್ಕುಗಳ ನೂರರಲ್ಲೊಂದು ಪಾಲೂ ಇರಲಿಲ್ಲ. ಅವರಲ್ಲಿದ್ದುದು ಹೋಗಬೇಕೆಂಬ ಮನಸ್ಸು, ಹೋಗಿ ಹೇಳಬೇಕೆಂಬ ಮನಸ್ಸು. ಅವರು ಮರುವರ್ಷವೂ ಹೋದುದರಿಂದಲೇ ಆ ಸಭೆಯು ಸಭೆಯಾಗಿ ಉಳಿಯಿತು. ಕರೆದವರು ದೊಡ್ಡವರು, ಕರೆದಾಗ ಬಂದವರೂ ದೊಡ್ಡವರೇ.

ಮೈಸೂರು ನಗರದಲ್ಲಿ ರಂಗಾಚಾರ್ಲುರವರ ಸ್ಮಾರಕವಾಗಿ 1884ರಲ್ಲಿ ಕಟ್ಟಿದ ಪುರಭವನವಿದೆ. ದಸರೆಗೆಂದು ಆ ಊರಿಗೆ ಹೋದಾಗ, ಅರಮನೆಯ ದೀಪಗಳನ್ನು ನೋಡಿದ ಮೇಲೆ ಆ ಕಟ್ಟಡದ ಎದುರಿಗೂ ಮಕ್ಕಳನ್ನು ಒಂದು ಗಳಿಗೆ ನಿಲ್ಲಿಸಿರಿ. ಹಿಂದೆ ಇದೇ ದಸರೆಗೆ ನಮ್ಮಂತಹ ಒಕ್ಕಲು ಮಕ್ಕಳು ಹಬ್ಬವನ್ನು ನೋಡಲು ಮಾತ್ರವಲ್ಲ, ಸರಕಾರದ ಲೆಕ್ಕವನ್ನು ಕೇಳಲೂ ಬರುತ್ತಿದ್ದರೆಂದು ಅವರಿಗೆ ಹೇಳಿರಿ. ನಮ್ಮ ಊರಿನ ಮುಂದಿನ ಗ್ರಾಮಸಭೆಗೆ ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಹಿಂದಿನ ಸಾಲನ್ನು ಬಿಟ್ಟು ಮುಂದೆ ಕುಳಿತುಕೊಳ್ಳಿರಿ. ಆ ಮಹನೀಯರಿಗೆ ಗಡಿಯ ಕನ್ನಡಿಗರಾದ ನಾವು ಸಲ್ಲಿಸಬಹುದಾದ ಕಾಣಿಕೆಯು ಇದೇ.